ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು

ಇಬ್ಬರ ನಡುವೆ ಇದ್ದದ್ದು ಹನ್ನೊಂದು ವಾರಗಳ ಅಂತರ. ಅಷ್ಟಕ್ಕೇ ಒಬ್ಬಳು ದೊಡ್ಡವಳು, ಇನ್ನೊಬ್ಬಳು ಚಿಕ್ಕವಳು ಎಂದಾಗಿ, ಅದೇ ಹೆಸರಾಗಿ ಉಳಿದುಬಿಟ್ಟಿತ್ತು. ಅಣ್ಣತಮ್ಮಂದಿರ ಮಕ್ಕಳು. ಕೆಳಗೆ ಇಬ್ಬರ ಅಪ್ಪಂದಿರೂ ಸೇರಿ ನಡೆಸುವ ಲಾಂಡ್ರಿ, ಮೇಲಿನ ಮಹಡಿಯಲ್ಲಿ ಎರಡು ಸಂಸಾರ, ಹತ್ತಿ ಇಳಿಯಲು ಒಂದೇ ಮೆಟ್ಟಿಲು. ದೊಡ್ಡವಳು ಹನ್ನೆರಡನೇ ವಯಸ್ಸಿಗೇ ಕೌಂಟರಿನ ಹಿಂದೆ ನಿಂತಳು. ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆ ತಳ್ಳಿ, ಗಿರಾಕಿಗಳ ಬಟ್ಟೆಗೆ ಚೀಟಿ ಚುಚ್ಚಲು ಶುರುಮಾಡುತ್ತಿದ್ದಳು. ಚಿಕ್ಕವಳಿಗೆ ಇಸ್ತ್ರಿಯ ಆವಿ ತಾಗಿದರೆ ತಲೆನೋವು. ಅವಳು ಮೂಗು ಮುಚ್ಚಿಕೊಂಡು ಅಂಗಡಿ ದಾಟಿ ಮೇಲೆ ಓಡುತ್ತಿದ್ದಳು. ಒಂದು ಮನೆಯಲ್ಲಿ ಒಬ್ಬರಿಗೆ ತಲೆನೋವು ಬಂದರೆ ಇನ್ನೊಬ್ಬರಿಗೆ ಕೈನೋವು ಬರುತ್ತದೆ ಎಂಬುದು ದೊಡ್ಡವಳು ಬಹಳ ಬೇಗ ಕಲಿತ ಪಾಠ.

ಶಾಲೆ ಮುಗಿದ ವರ್ಷ ಇಬ್ಬರೂ ಹೊರರಾಜ್ಯದ ಎರಡು ವಿಶ್ವವಿದ್ಯಾಲಯಗಳಿಗೆ ಬಿಸಿನೆಸ್ ಡಿಗ್ರಿಗೆಂದು ಅರ್ಜಿ ಹಾಕಿದರು. ಒಂದು ನದಿಯ ದಡದಲ್ಲಿತ್ತು. ಹಳೆಯದು, ದೊಡ್ಡ ಹೆಸರಿನದು. ಅಲ್ಲಿ ಓದಿದೆ ಎಂದರೆ ಎದುರಿಗಿದ್ದವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಇನ್ನೊಂದು ಗುಡ್ಡದ ಮೇಲಿನದು. ಹೊಸದು, ತರಗತಿಗೆ ನಲವತ್ತೇ ಜನ, ಮೊದಲ ವರ್ಷದಿಂದಲೇ ವಾರಕ್ಕೆರಡು ದಿನ ಯಾವುದಾದರೂ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ದುಡಿಸುತ್ತಾರೆ. ಮನೆಯವರ ಬಾಯಲ್ಲಿ ಅವು 'ನದಿಯದು', 'ಗುಡ್ಡದ್ದು' ಆದವು. ನದಿಯದು ದೊಡ್ಡವಳಿಗೆ, ಗುಡ್ಡದ್ದು ಸಿಕ್ಕರೆ ಚಿಕ್ಕವಳಿಗೆ ಎಂದು ಎಲ್ಲರೂ ಮನಸ್ಸಿನಲ್ಲೇ ಹಂಚಿಬಿಟ್ಟಿದ್ದರು. ದೊಡ್ಡವಳಿಗೆ ಅಂಕವೂ ಹೆಚ್ಚಿತ್ತು.

ಫಲಿತಾಂಶ ಒಂದು ಬುಧವಾರ ಮಧ್ಯಾಹ್ನ ಬಂತು. ಚಿಕ್ಕವಳಿಗೆ ಎರಡೂ ಕಡೆ ಸೀಟು. ದೊಡ್ಡವಳಿಗೆ ಗುಡ್ಡದ್ದು ಖಾತ್ರಿ. ನದಿಯದಕ್ಕೆ ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು. ಪ್ರತಿ ರಾಜ್ಯದವರಿಗೂ ಅಲ್ಲಿ ಇಷ್ಟೇ ಸೀಟೆಂದು ಗೊತ್ತುಮಾಡಿರುತ್ತಾರೆ. ತಮ್ಮ ರಾಜ್ಯದಿಂದ ಆಯ್ಕೆಯಾದವರಲ್ಲಿ ಯಾರಾದರೂ ಒಬ್ಬರು ಬಿಟ್ಟುಕೊಟ್ಟರೆ ಅದು ಇವಳಿಗೆ. ಆ 'ಯಾರಾದರೂ ಒಬ್ಬರು' ಎದುರು ಬಾಗಿಲಲ್ಲಿ ನಿಂತು, ಒದ್ದೆ ಕೂದಲು ಕೊಡವುತ್ತಾ, "ಅಕ್ಕಾ, ಈಗ ಏನ್ಮಾಡ್ಲಿ? ಎರಡೂ ಬಂದುಬಿಟ್ಟಿದೆ" ಎಂದು ಕೇಳುತ್ತಿದ್ದಳು, ಎರಡು ಅಂಗಿ ತಂದುಕೊಟ್ಟರೆ ಕೇಳುವ ಹಾಗೆ.

ಚಿಕ್ಕಪ್ಪನಿಗೆ ಮಗಳ ಸಂತೋಷಕ್ಕೆ ನಗಬೇಕೋ ಅಣ್ಣನ ಮಗಳ ಮುಖ ನೋಡಿ ಸುಮ್ಮನಿರಬೇಕೋ ತಿಳಿಯಲಿಲ್ಲ. ಅಪ್ಪ, "ಗುಡ್ಡದ್ದೂ ಚೆನ್ನಾಗೇ ಇದೆಯಂತಲ್ಲ" ಎಂದರು. ಸಮಾಧಾನದ ಮಾತು ಗಾಯದ ಮೇಲೆ ಉಪ್ಪು ಸುರಿದಂತಿತ್ತು. ದೊಡ್ಡವಳು ನಕ್ಕು, ತಂಗಿಯ ಬೆನ್ನು ತಟ್ಟಿ, ಕೆಳಗಿಳಿದು ಹೋಗಿ ಅರವತ್ತು ದಿಂಬಿನ ಚೀಲಗಳನ್ನು ಒಂದಾದಮೇಲೊಂದು ಮಡಚಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

ಒಪ್ಪಿಗೆ ತಿಳಿಸಲು ಹತ್ತು ದಿನ ಸಮಯವಿತ್ತು. ಚಿಕ್ಕವಳಿಗೆ ಮೊದಲಿನಿಂದಲೂ ಯಾವುದನ್ನೂ ತೀರ್ಮಾನಿಸಲು ಬಾರದು. ಅವಳು ದಿನಾ ಸಂಜೆ ಮೂಗಿಗೆ ಕರವಸ್ತ್ರ ಹಿಡಿದು ಕೌಂಟರಿಗೆ ಬರತೊಡಗಿದಳು.

"ನೀನೇ ಹೇಳು. ನಿನಗೆ ಇದೆಲ್ಲ ಗೊತ್ತಾಗುತ್ತೆ."

"ನಿನ್ನ ಓದು, ನೀನು ಯೋಚನೆ ಮಾಡು" ಎಂದಳು ದೊಡ್ಡವಳು ಮೊದಲ ದಿನ. ಎರಡನೆಯ ದಿನ, "ನದಿಯದು ತುಂಬಾ ದೂರ, ಅಲ್ವಾ?" ಎಂದಳು. ಮೂರನೆಯ ದಿನ ಬಟ್ಟೆ ಸುತ್ತುವ ಕಂದು ಕಾಗದವನ್ನು ಬಿಡಿಸಿಟ್ಟು ನಡುವೆ ಗೆರೆ ಎಳೆದಳು. "ನೋಡು, ಆ ಕಡೆ ಈ ಕಡೆ ಬರೆಯೋಣ. ಯಾರ ಪರಾನೂ ವಹಿಸೋದು ಬೇಡ."

ಅವಳು ಸುಳ್ಳು ಬರೆಯಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗುಡ್ಡದ ಕಡೆ 'ತರಗತಿಗೆ ನಲವತ್ತೇ ಜನ, ಮೇಷ್ಟ್ರುಗಳಿಗೆ ಎಲ್ಲರ ಹೆಸರೂ ಗೊತ್ತಿರುತ್ತದೆ' ಎಂದು ಬರೆದಳು. ನದಿಯ ಕಡೆ 'ಇನ್ನೂರು ಜನ, ಹಿಂದೆ ಕೂತರೆ ಕೇಳಿಸುವುದಿಲ್ಲ' ಎಂದು ಬರೆದಳು. ನದಿಯದರ ನಾಲ್ಕಂತಸ್ತಿನ ಗ್ರಂಥಾಲಯವನ್ನು 'ಹಳೆಯ ಕಟ್ಟಡಗಳು' ಎಂಬ ಎರಡು ಪದಗಳಲ್ಲಿ ಅಡಗಿಸಿದಳು. ಚಿಕ್ಕವಳು ಕಾಗದವನ್ನು ಎದೆಗೊತ್ತಿಕೊಂಡು, "ಎಷ್ಟು ಚೆನ್ನಾಗಿ ಬರೆದುಕೊಟ್ಟೆ" ಎಂದು ಮೇಲೆ ಹೋದಳು.

ಹಿಂದಿನ ಕೋಣೆಯಲ್ಲಿ ಬಟ್ಟೆಯ ಕಲೆ ತೆಗೆಯುವ ಹೆಂಗಸು ಇದನ್ನೆಲ್ಲ ನೋಡುತ್ತಿದ್ದರು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕಲೆಯಮ್ಮ ಎಂದು. ಆ ಹೆಸರು ಕೇಳಿದ ಒಬ್ಬ ಗಿರಾಕಿ, "ಏನು ಚಿತ್ರ ಬರೀತೀರಾ?" ಎಂದಿದ್ದಕ್ಕೆ, "ಇಲ್ಲಪ್ಪ, ನೀವು ಬರೆದದ್ದನ್ನ ಅಳಿಸ್ತೀನಿ" ಎಂದು ಹೇಳಿ ಕಳಿಸಿದ್ದ ಬಾಯಿ ಅದು.

"ಗೆರೆ ನೆಟ್ಟಗೇ ಎಳೆದೆ" ಎಂದರು ಕಲೆಯಮ್ಮ, ಕೈಯೊರೆಸಿಕೊಳ್ಳುತ್ತಾ. "ಆದ್ರೆ ಪೆನ್ನು ಒಂದು ಕಡೆ ಒತ್ತಿ ಹಿಡಿದಿದ್ದೆ."

"ನಿಮಗೆ ಓದೋಕೆ ಬರಲ್ವಲ್ಲ" ಎಂದಳು ದೊಡ್ಡವಳು. ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಕಲೆಯಮ್ಮ ಒಳಗೆ ಹೋದರು.

ಆ ದಿನಗಳಲ್ಲಿ ಅವಳಿಗೆ ತಂಗಿಯ ಒಂದೊಂದು ಸವಲತ್ತೂ ಕಣ್ಣಿಗೆ ಚುಚ್ಚುತ್ತಿತ್ತು. ಚಿಕ್ಕವಳ ಕೋಣೆಗೆ ಬೀದಿಯ ಕಡೆ ಕಿಟಕಿ, ತನ್ನದಕ್ಕೆ ಗೋಡೆ. ಚಿಕ್ಕವಳು ಓದದೆ ಮಲಗಿದರೆ ಪಾಪ ಸುಸ್ತು, ತಾನು ಮಲಗಿದರೆ ಕೌಂಟರಿನಲ್ಲಿ ಯಾರು. ಹಿಂದೆ ಇವೆಲ್ಲ ಕಂಡಿರಲಿಲ್ಲವೆಂದಲ್ಲ; ಕಂಡದ್ದನ್ನು ಒಂದು ಕಡೆ ಕೂಡಿಸಿ ನೋಡಿರಲಿಲ್ಲ. ಈಗ ಅದೇ ಕೆಲಸವಾಯಿತು. ಹೊಟ್ಟೆಯೊಳಗಿನ ಕಿಚ್ಚಿಗೆ ಹಳೆಯ ಕಡ್ಡಿ ಕಸವೆಲ್ಲ ಸೌದೆಯಾಗುತ್ತಿತ್ತು.

ಏಳನೆಯ ದಿನ ಅವಳು ಅಂಗಡಿಯ ಕಂಪ್ಯೂಟರಿನಲ್ಲಿ ಹೋಟೆಲಿನವರ ಹಳೆಯ ಪಟ್ಟಿಯೊಂದನ್ನು ಹುಡುಕುತ್ತಿದ್ದಾಗ ಚಿಕ್ಕವಳ ಪ್ರಬಂಧ ಸಿಕ್ಕಿತು. 'ನಿಮ್ಮ ಬಗ್ಗೆ ಬರೆಯಿರಿ' ಎಂದು ಎರಡೂ ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆ ಕೇಳಿದ್ದ ಪ್ರಬಂಧ. ಮನೆಯ ಪ್ರಿಂಟರು ಕೆಟ್ಟಿದ್ದ ದಿನ ಇಲ್ಲಿಂದ ಮುದ್ರಿಸಿಕೊಂಡು ಹೋಗಿದ್ದಳು. ದೊಡ್ಡವಳು ನಿಂತೇ ಓದಿದಳು.

'ನನಗೆ ಹದಿನೈದು ವರ್ಷವಾಗಿದ್ದಾಗ ನಮ್ಮ ಲಾಂಡ್ರಿಯಲ್ಲಿ ಎರಡು ಹೋಟೆಲುಗಳ ಹಾಸುಬಟ್ಟೆಗಳು ಅದಲುಬದಲಾದವು' ಎಂದು ಅದು ಶುರುವಾಗುತ್ತಿತ್ತು. ಬಿಳಿಯ ಬಟ್ಟೆಗೆ ಬಿಳಿಯ ಬಟ್ಟೆಯೇ ಹೋಲಿಕೆ; ಎರಡು ಹೋಟೆಲಿನವರೂ ಕೌಂಟರಿನ ಮುಂದೆ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದಿದ್ದರು. ಆ ಭಾನುವಾರ ಕೂತು, ಪ್ರತಿ ಹಾಸಿನ ಅಂಚಿನ ಮೂಲೆಗೂ ಒಂದೊಂದು ಹೋಟೆಲಿಗೆ ಒಂದೊಂದು ಬಣ್ಣದ ದಾರ ಹೊಲಿದದ್ದು, ಕಲೆಯಿದ್ದರೆ ಒಂದು ಗಂಟು, ಹರಿದಿದ್ದರೆ ಎರಡು ಗಂಟು ಎಂದು ಗೊತ್ತುಮಾಡಿದ್ದು, ಅಲ್ಲಿಂದ ಇಲ್ಲಿಯವರೆಗೆ ಒಂದು ಹಾಸೂ ತಪ್ಪಿಹೋಗದಿರುವುದು, ಎಲ್ಲವೂ ಅದರಲ್ಲಿತ್ತು. ಎಲ್ಲವೂ ನಿಜ. ಹೊಲಿದವಳು ಮಾತ್ರ ದೊಡ್ಡವಳು. ಚಿಕ್ಕವಳು ಆ ಭಾನುವಾರ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು.

'ಸೂಜಿಗೆ ದಾರ ಪೋಣಿಸುವಾಗ ನನ್ನ ನಾಲಿಗೆಯ ತುದಿ ತಾನಾಗಿ ಹೊರಗೆ ಬರುತ್ತದೆ' ಎಂದೂ ಬರೆದಿತ್ತು. ತನಗೆ ಆ ಅಭ್ಯಾಸ ಇದೆಯೆಂಬುದೇ ದೊಡ್ಡವಳಿಗೆ ಗೊತ್ತಿರಲಿಲ್ಲ.

ಬಹಳ ಚೆನ್ನಾಗಿತ್ತು ಆ ಬರಹ. ಅದೇ ಸಹಿಸಲಾಗದ ಮಾತಾಗಿತ್ತು. ಅವಳ ಸ್ವಂತ ಪ್ರಬಂಧ 'ನಾಯಕತ್ವ ಎಂದರೇನು' ಎಂಬುದರ ಮೇಲಿತ್ತು. ಗ್ರಂಥಾಲಯದ ಮೂರು ಪುಸ್ತಕಗಳಿಂದ ದೊಡ್ಡ ದೊಡ್ಡ ಮಾತು ಹೆಕ್ಕಿ ಪೋಣಿಸಿದ್ದಳು. ಅಂಗಡಿಯ ಮಾತೆತ್ತಿದರೆ ಸಣ್ಣವಳಾಗಿ ಕಾಣುತ್ತೇನೆಂದು ಲಾಂಡ್ರಿಯ ಸುದ್ದಿಯನ್ನೇ ಬಿಟ್ಟಿದ್ದಳು. ತಾನು ಕಸವೆಂದು ಆಚೆ ಹಾಕಿದ್ದನ್ನು ತಂಗಿ ಎತ್ತಿಕೊಂಡು ಹೋಗಿ ಕಿರೀಟ ಮಾಡಿಕೊಂಡಿದ್ದಳು. ದೊಡ್ಡವಳು ಎರಡು ಹಾಳೆಗಳನ್ನೂ ಮುದ್ರಿಸಿ, ನಾಲ್ಕಾಗಿ ಮಡಚಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಚಿಕ್ಕವಳು ಓಡಿಬಂದಳು. ಕರವಸ್ತ್ರವನ್ನೂ ಮರೆತಿದ್ದಳು.

"ಅಕ್ಕಾ, ತೀರ್ಮಾನ ಮಾಡ್ದೆ. ನದಿಯದು. ನೀನು ಬರೆದುಕೊಟ್ಟದ್ದನ್ನ ಹತ್ತು ಸಲ ಓದಿದೆ. ಗುಡ್ಡದ್ದೇ ಸರಿ ಅನ್ನಿಸುತ್ತೆ, ಆದ್ರೆ ಕಣ್ಣು ಮುಚ್ಚಿದ್ರೆ ನದಿಯದೇ ಕಾಣುತ್ತೆ. ಮೊದಲನೇ ಸಲ ನಾನಾಗೇ ಏನೋ ಒಂದು ತೀರ್ಮಾನ ಮಾಡಿದ್ದೀನಿ ನೋಡು."

ದೊಡ್ಡವಳು ಜೇಬಿನಿಂದ ಹಾಳೆ ತೆಗೆದು, ಬಿಡಿಸಿ, ಕೌಂಟರಿನ ಮೇಲಿಟ್ಟಳು. ಚಿಕ್ಕವಳ ಮುಖದ ಬಣ್ಣ ಇಳಿಯಿತು.

"ಮೊದಲು ನಿನ್ನ ಬಗ್ಗೆನೇ ಬರೆದಿದ್ದೆ" ಎಂದಳು. "ನಮ್ಮ ಅಕ್ಕ ಅಂತಾನೇ. ಸ್ಕೂಲಲ್ಲಿ ಟೀಚರ್ ಓದಿ, ಅವರು ಕೇಳಿರೋದು ನಿನ್ನ ಬಗ್ಗೆ, ನಿಮ್ಮಕ್ಕನ ಬಗ್ಗೆ ಅಲ್ಲ ಅಂದ್ರು. ಅವತ್ತೇ ಕೊನೇ ದಿನ. ನನ್ನ ಬಗ್ಗೆ ಬರೆಯೋಕೆ ಏನಿತ್ತು ಹೇಳು. ಅಕ್ಕ ಅಂತ ಇದ್ದ ಕಡೆಯೆಲ್ಲ ನಾನು ಅಂತ ಮಾಡಿ ಕಳಿಸಿದೆ."

"ಹಾಗಾದ್ರೆ ಸೀಟೂ ಅಕ್ಕಂದೇ."

ಚಿಕ್ಕವಳು ಅವಳನ್ನೇ ನೋಡಿದಳು.

"ನದಿಯದನ್ನ ಬಿಡು" ಎಂದಳು ದೊಡ್ಡವಳು. "ಗುಡ್ಡದ್ದು ತಗೋ. ಇಲ್ಲಾಂದ್ರೆ ಈ ಕಾಗದ ಅವರಿಗೆ ಹೋಗುತ್ತೆ, ಹೊಲಿದದ್ದು ಯಾರು ಅನ್ನೋದರ ಸಮೇತ."

"ಗುಡ್ಡದವರಿಗೂ ಇದನ್ನೇ ಕಳಿಸಿದ್ದೀನಿ."

"ಅದು ನನಗೆ ಬೇಡ."

ಹಿಂದಿನ ಕೋಣೆಯಲ್ಲಿ ನೀರು ಬೀಳುವ ಸದ್ದು ನಿಂತಿತ್ತು. ಚಿಕ್ಕವಳು ಅಳುತ್ತಾಳೆ, ಕಿರುಚುತ್ತಾಳೆ, ಮೇಲೆ ಹೋಗಿ ಚಿಕ್ಕಮ್ಮನನ್ನು ಕರೆತರುತ್ತಾಳೆ ಎಂದು ದೊಡ್ಡವಳು ಕಾದಳು. ಅವಳು ಹಾಗೇನೂ ಮಾಡಲಿಲ್ಲ. ಹಾಳೆಗಳನ್ನು ಅದೇ ಮಡಿಕೆಯಲ್ಲಿ ಮಡಚಿ ಅಕ್ಕನ ಕಡೆಗೇ ಸರಿಸಿ, ಮೂಗು ಮುಚ್ಚಿಕೊಳ್ಳದೆ, ನಿಧಾನವಾಗಿ ಮೆಟ್ಟಿಲೇರಿ ಹೋದಳು.

ಸಂಜೆ ಎಲ್ಲರೂ ಟೀ ಕುಡಿಯುತ್ತಿದ್ದಾಗ ಸುದ್ದಿ ಹೇಳಿದಳು. "ಗುಡ್ಡದ್ದಕ್ಕೆ ಒಪ್ಪಿಗೆ ಕಳಿಸಿದೆ. ನದಿಯದನ್ನ ಬಿಟ್ಟೆ. ಗುಡ್ಡದಲ್ಲಿ ತರಗತಿಗೆ ನಲವತ್ತೇ ಜನ. ಮೇಷ್ಟ್ರುಗಳಿಗೆ ಎಲ್ಲರ ಹೆಸರೂ ಗೊತ್ತಿರುತ್ತೆ. ನದಿಯದು ಹಳೆಯ ಕಟ್ಟಡಗಳು." ಕಂದು ಕಾಗದದಲ್ಲಿ ಇದ್ದದ್ದನ್ನು ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಒಪ್ಪಿಸಿದಳು. ಚಿಕ್ಕಪ್ಪ ಲೋಟ ಕೆಳಗಿಟ್ಟು, "ಬುದ್ಧಿ ಇದೆಯೇನೇ ನಿನಗೆ?" ಎಂದರು. ದೊಡ್ಡವಳು ತನ್ನ ಲೋಟದೊಳಗೆ ನೋಡುತ್ತಾ ಕೂತಳು.

ಸೋಮವಾರ ದೊಡ್ಡವಳಿಗೆ ನದಿಯದರಿಂದ ಪತ್ರ ಬಂತು: ಸೀಟು ತೆರವಾಗಿದೆ, ನಲವತ್ತೆಂಟು ಗಂಟೆಯೊಳಗೆ ತಿಳಿಸತಕ್ಕದ್ದು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವರು ಚಿಕ್ಕಪ್ಪ. ಎರಡೆರಡು ಮೆಟ್ಟಿಲು ಹಾರಿ ಬಂದು ಅವಳ ತಲೆ ಹಿಡಿದು ಅಲ್ಲಾಡಿಸಿದರು. "ನಿನಗೆ ಬರಬೇಕಾಗಿದ್ದು ನಿನಗೇ ಬಂತು ನೋಡು. ನನ್ನ ಮಗಳ ದಡ್ಡತನದಿಂದಾದ್ರೂ ಒಂದು ಒಳ್ಳೇದಾಯ್ತು." ಅವತ್ತೇ ಹೋಗಿ ಚಕ್ರದ ಸೂಟ್‌ಕೇಸು ತಂದರು. ಚಿಕ್ಕವಳು ಬಾಗಿಲಿಗೊರಗಿ, "ಬಣ್ಣ ಚೆನ್ನಾಗಿದೆ" ಎಂದಳು. ಬೆದರಿಕೆಯ ವಿಷಯ ಅವಳ ಬಾಯಿಂದ ಹೊರಬೀಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ದೊಡ್ಡವಳಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಒಂದು ಗಂಟೆ ಹೊತ್ತು. ಮರುದಿನ ಅಂಗಡಿಯ ಹಿಂದಿನ ಓಣಿಗೆ ಹೋಗಿ ವಿಶ್ವವಿದ್ಯಾಲಯದ ಕಚೇರಿಗೆ ಫೋನು ಮಾಡಿದಳು. ಒಬ್ಬ ಹೆಂಗಸು ಎತ್ತಿಕೊಂಡರು.

"ಒಬ್ಬರು ಬಿಟ್ಟಿರೋ ಸೀಟು ಅವರಿಗೇ ವಾಪಸ್ ಕೊಡಬಹುದಾ?"

"ಯಾರಿಗೆ?"

"ಬಿಟ್ಟವರಿಗೆ. ಅವರಿಗೆ ಬೇಕಿತ್ತು. ನಾನು ಬೇಡ ಅಂದ್ರೆ ಅವರಿಗೆ ಹೋಗುತ್ತಾ?"

"ಇಲ್ಲಮ್ಮ. ಬಿಟ್ಟದ್ದು ಬಿಟ್ಟಂಗೇ. ನೀವು ಬೇಡ ಅಂದ್ರೆ ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತೆ. ನಿಮಗೆ ಬೇಕಾ, ಬೇಡ್ವಾ?"

ಎರಡನೆಯವರು ಯಾರೋ. ಮುಖ ಮೋರೆ ಕಾಣದ ಒಬ್ಬರು. ಅವರ ಮೇಲೂ ಅವಳಿಗೆ ಆ ಗಳಿಗೆಯಲ್ಲೇ ಹೊಟ್ಟೆಯುರಿಯಿತು.

"ಬೇಕು" ಎಂದಳು.

ಚಿಕ್ಕವಳು ಮೊದಲು ಹೊರಟಳು. ಅವಳು ಹೋದ ಮೂರನೆಯ ದಿನ, ತಾನು ಹೊರಡುವುದಕ್ಕೆ ಹಿಂದಿನ ಬೆಳಿಗ್ಗೆ, ದೊಡ್ಡವಳು ಬಟ್ಟೆ ತಲುಪಿಸುವ ವ್ಯಾನಿನಲ್ಲಿ ಚಿಕ್ಕಪ್ಪನ ಪಕ್ಕ ಕೂತಿದ್ದಳು. ಅವರು ದಾರಿಯುದ್ದಕ್ಕೂ ಅವಳ ಭವಿಷ್ಯ ಕಟ್ಟುತ್ತಿದ್ದರು. ಓದಿ ಬಂದಮೇಲೆ ಇಂಥ ನಾಲ್ಕು ಲಾಂಡ್ರಿ, ಆಮೇಲೆ ನಲವತ್ತು. ತನ್ನನ್ನು ಮಾತ್ರ ಡ್ರೈವರ್ ಕೆಲಸದಿಂದ ತೆಗೆಯಬಾರದು. ಅವರು ನಗುತ್ತಿದ್ದಷ್ಟೂ ಇವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಚಿಕ್ಕಪ್ಪ, ಅವಳಾಗೇ ಬಿಟ್ಟಿದ್ದಲ್ಲ. ನಾನು ಬಿಡಿಸ್ದೆ."

"ಅಂದ್ರೆ?"

"ಹೆದರಿಸ್ದೆ. ಅವಳು ನದಿಯದಕ್ಕೇ ಹೋಗ್ತೀನಿ ಅಂತ ಬಂದು ಹೇಳಿದ್ಲು. ನನಗೆ ತಡ್ಕೊಳ್ಳೋಕಾಗ್ಲಿಲ್ಲ."

"ಏನು ಹೇಳಿ ಹೆದರಿಸಿದೆ?"

ಅದನ್ನು ಹೇಳಿದ್ದರೆ ಅರ್ಧ ತಪ್ಪು ಚಿಕ್ಕವಳ ಮೇಲೆ ಹೋಗುತ್ತಿತ್ತು. ಚಿಕ್ಕಪ್ಪ ಬಹುಶಃ ಅರ್ಧ ಕ್ಷಮಿಸುತ್ತಿದ್ದರು. "ಅದನ್ನ ಕೇಳಬೇಡಿ. ತಪ್ಪು ನಂದು" ಎಂದಳು.

ಚಿಕ್ಕಪ್ಪ ವ್ಯಾನನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಹಿಂದೆ ತೂಗುಹಾಕಿದ್ದ ಕೋಟುಗಳು ಓಲಾಡಿ ಒಂದಕ್ಕೊಂದು ತಾಗಿ ನಿಂತವು.

"ನಾನು ಒಂದು ತಿಂಗಳು ಅವಳನ್ನ ಬೈದೆ" ಎಂದರು. "ಊಟಕ್ಕೆ ಕೂತ್ರೆ ಬೈದೆ, ಎದ್ರೆ ಬೈದೆ. ದಡ್ಡಿ ಅಂದೆ. ಅವಳು ಹೂಂ ಅಪ್ಪ, ಹೂಂ ಅಪ್ಪ ಅಂತಿದ್ಲು. ರೈಲು ಹತ್ತುವಾಗಲೂ ಬೈದೆ. ನೀನು ಅಲ್ಲೇ ಇದ್ದೆ."

"ಇದ್ದೆ."

ಅವರು ವ್ಯಾನನ್ನು ಮತ್ತೆ ರಸ್ತೆಗೆ ತಂದರು. ಉಳಿದ ಮೂರು ಮನೆಗಳಿಗೂ ಬಟ್ಟೆ ಕೊಟ್ಟು ಬಂದರು. ಮಾರನೆಯ ದಿನ ಅವಳನ್ನು ಸ್ಟೇಷನ್ನಿಗೆ ಬಿಟ್ಟವರು ಅವರೇ. ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಿ, ಅಣ್ಣ ಅತ್ತಿಗೆಯ ಮುಂದೆ ಏನನ್ನೂ ತೋರಗೊಡದೆ, "ಹುಷಾರು" ಎಂದಷ್ಟೇ ಹೇಳಿ ಇಳಿದರು. ತಲೆ ಮುಟ್ಟಲಿಲ್ಲ.

ನದಿಯದು ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಗ್ರಂಥಾಲಯದ ಮೂರನೆಯ ಅಂತಸ್ತಿನಿಂದ ದೋಣಿಗಳು ಕಾಣುತ್ತಿದ್ದವು. ತರಗತಿಯಲ್ಲಿ ಇನ್ನೂರಹದಿನಾರು ಜನ. ತಾನೇ ಬರೆದಿದ್ದಂತೆ, ಹಿಂದೆ ಕೂತರೆ ಕೇಳಿಸುತ್ತಿರಲಿಲ್ಲ. ಕೋಣೆಯಲ್ಲಿ ಜೊತೆಗಿದ್ದವಳ ತಾಯಿ ಕಂಪನಿಯೊಂದನ್ನೇ ನಡೆಸುತ್ತಿದ್ದರು. ಎದುರು ಕೋಣೆಯವಳು ನಾಲ್ಕು ಭಾಷೆ ಆಡುತ್ತಿದ್ದಳು. ಹಗಲೆಲ್ಲ ಮೈಮರೆತು ಓದಿದರೂ ಸಂಜೆ ಊಟದ ಮನೆಯಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರಲಿ ಎಂದು ನಿಂತಾಗ ಹಳೆಯ ಉರಿ ಮತ್ತೆ ಏಳುತ್ತಿತ್ತು. ಹೊಟ್ಟೆಕಿಚ್ಚಿಗೆ ಊರು ಬದಲಾದರೆ ಸಾಲದು; ಅದು ಸೂಟ್‌ಕೇಸಿನಲ್ಲೇ ಬಂದಿರುತ್ತದೆ. ತಂಗಿಗೆ ಮೂರು ಸಲ ಕಾಗದ ಬರೆದಳು, 'ತಪ್ಪಾಯಿತು' ಎಂಬಲ್ಲಿಗೆ ಬಂದು ಮೂರನ್ನೂ ಹರಿದಳು. ನಾಲ್ಕನೆಯ ಸಲ ಆ ಒಂದು ಮಾತನ್ನೇ ಬರೆದು ಕಳಿಸಿದಳು. ಉತ್ತರ ಬರಲಿಲ್ಲ.

ಐದನೆಯ ತಿಂಗಳಿನಲ್ಲಿ ಚಿಕ್ಕವಳೇ ಬಂದಳು. ಗುಡ್ಡದವರು ಮೊದಲ ವರ್ಷದವರನ್ನು ನದಿಯಾಚೆಯ ಬಂದರು ತೋರಿಸಲು ಬಸ್ಸಿನಲ್ಲಿ ಕರೆತಂದಿದ್ದರು. ಮಧ್ಯಾಹ್ನ ಎರಡು ಗಂಟೆ ಬಿಡುವು. ಮುಖ್ಯದ್ವಾರದ ಹತ್ತಿರ ನಿಂತು ಫೋನು ಮಾಡಿ, "ಇಲ್ಲೇ ಇದ್ದೀನಿ. ತೋರಿಸ್ತೀಯಾ?" ಎಂದಳು.

ದೊಡ್ಡವಳು ಎಲ್ಲವನ್ನೂ ತೋರಿಸಿದಳು. ತರಗತಿ, ಗ್ರಂಥಾಲಯ, ದೋಣಿ ಕಾಣುವ ಕಿಟಕಿ. ಚಿಕ್ಕವಳು ಪ್ರತಿಯೊಂದರ ಮುಂದೆಯೂ ಸ್ವಲ್ಪ ಹೊತ್ತು ನಿಂತು, "ಚೆನ್ನಾಗಿದೆ" ಎಂದು ಮುಂದೆ ನಡೆಯುತ್ತಿದ್ದಳು. ಮೈ ಸ್ವಲ್ಪ ಇಳಿದಿತ್ತು. ಬೆರಳುಗಳ ಮೇಲೆ ಸಣ್ಣ ಸುಟ್ಟ ಗಾಯಗಳಿದ್ದವು. ಬ್ರೆಡ್ಡಿನ ಕಾರ್ಖಾನೆಯೊಂದರಲ್ಲಿ ವಾರಕ್ಕೆರಡು ದಿನ ಕೆಲಸವಂತೆ.

ಕಿಟಕಿಯ ಹತ್ತಿರ ದೊಡ್ಡವಳು ಹೇಳಿದಳು: "ಕಾಗದ ಬರೆದಿದ್ದೆ."

"ಬಂತು. ಏನು ಬರೀಬೇಕು ಗೊತ್ತಾಗ್ಲಿಲ್ಲ. ಪರವಾಗಿಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ." ದೋಣಿಯೊಂದು ದಡಕ್ಕೆ ಬಂದು ತಾಗುವವರೆಗೂ ಅವಳು ಅದನ್ನೇ ನೋಡಿದಳು. "ಮೊದಲನೇ ತಿಂಗಳು ನಿನ್ನನ್ನ ದಿನಾ ಬೈದೆ. ನನ್ನನ್ನೂ ಬೈಕೊಂಡೆ. ನಾನು ಮಾಡಿದ್ದೂ ಕದ್ದದ್ದೇ ಅಲ್ವಾ? ಅಪ್ಪ ಫೋನ್ ಮಾಡಿ ಅತ್ತುಬಿಟ್ರು. ನೀನು ಹೇಳಿದೆಯಂತೆ, ಪ್ರಬಂಧದ ವಿಷಯ ಮಾತ್ರ ಬಿಟ್ಟು."

"ಹೂಂ."

"ಅದನ್ನ ನಾನೇ ಹೇಳ್ದೆ ಆಮೇಲೆ. ಗುಡ್ಡದ ಮೇಷ್ಟ್ರಿಗೂ ಹೇಳ್ದೆ. ಕಳಿಸಿಬಿಡ್ತಾರೆ ಅಂತ ಪೆಟ್ಟಿಗೆ ಕಟ್ಟಿಟ್ಟಿದ್ದೆ. ಅವರು ಒಂದು ವಾರ ಏನೂ ಅನ್ನಲಿಲ್ಲ. ಆಮೇಲೆ ಕರೆದು, ಶಿಕ್ಷೆ ಅಂತ ಈ ವರ್ಷ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ನೀನೇ ಹೋಗಬೇಕು, ನಿನ್ನದು ಅಂತ ಏನಾದ್ರೂ ಮಾಡಿ ಬರೆದುಕೊಡು ಅಂದ್ರು."

"ಬರೆದ್ಯಾ?"

"ಇನ್ನೂ ಇಲ್ಲ. ಹಿಟ್ಟಿನ ಚೀಲಗಳದ್ದು ಏನೋ ನೋಡ್ತಿದ್ದೀನಿ. ಹತ್ತು ಸಲ ತಪ್ಪಾಗಿದೆ."

ಅವಳು ಅದನ್ನು ಹೇಳಿದ ರೀತಿಯಲ್ಲಿ ಸಂಕಟವಿರಲಿಲ್ಲ. ಹತ್ತು ಸಲ ತಪ್ಪು ಮಾಡುವ ಹಕ್ಕು ತನ್ನದೇ ಎಂಬ ಒಂದು ನೆಮ್ಮದಿಯಿತ್ತು. ದೊಡ್ಡವಳು ಕಿಟಕಿಯ ಸರಳು ಹಿಡಿದುಕೊಂಡಳು. ತಾನು ಬೆದರಿಸಿ ಕಸಿದುಕೊಂಡ ಕಿಟಕಿ ಇದು. ಇದರ ಮುಂದೆ ನಿಂತು, ತಂಗಿಯ ಸುಟ್ಟ ಬೆರಳುಗಳನ್ನು ನೋಡಿ ತನಗೆ ಹೊಟ್ಟೆಯುರಿಯುತ್ತಿದೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

"ನಿನ್ನ ಕಂಡ್ರೆ ನನಗೆ ಈಗಲೂ ಹೊಟ್ಟೆಕಿಚ್ಚು" ಎಂದಳು. ಜೀವನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದಳು.

ಚಿಕ್ಕವಳು ಅವಳ ಕಡೆ ತಿರುಗಿ, ಮೊದಲು ನಂಬದೆ, ಆಮೇಲೆ ನಕ್ಕುಬಿಟ್ಟಳು. "ಇಲ್ಲಿ ಇದೆಲ್ಲ ಇಟ್ಕೊಂಡು?"

"ಇದೆಲ್ಲ ಇಟ್ಕೊಂಡೇ."

"ನನಗೂ ಇದೆ" ಎಂದಳು ಚಿಕ್ಕವಳು, ನಗು ನಿಂತಮೇಲೆ. "ಈ ಗ್ರಂಥಾಲಯ ನೋಡಬಾರದಿತ್ತು."

ಬಸ್ಸಿನ ಹತ್ತಿರ ಅವಳ ಸಹಪಾಠಿಗಳು ಕೂಗಿ ಕರೆದರು. ಅವಳು ನಾಲ್ಕು ಹೆಜ್ಜೆ ಓಡಿ, ನಿಂತು, ತಿರುಗಿ ಹೇಳಿದಳು: "ರಜೆಯಲ್ಲಿ ನೀನು ಅಲ್ಲಿಗೆ ಬಾ. ಹತ್ತೋ ದಾರಿ ಕಲ್ಲು ಮುಳ್ಳು. ಈ ಚಪ್ಪಲಿ ಹಾಕ್ಕೊಂಡು ಬರಬೇಡ."

"ಬರ್ತೀನಿ."

ಅವಳಿಗೆಂದು ಸ್ನೇಹಿತೆಯರು ಕಿಟಕಿಯ ಸೀಟು ಹಿಡಿದಿಟ್ಟಿದ್ದರು. ಚಿಕ್ಕವಳು ಕೂತು ಕೈಬೀಸಿದಳು. ಬಸ್ಸು ಸೇತುವೆ ಹತ್ತುವವರೆಗೂ ದೊಡ್ಡವಳು ನಿಂತಿದ್ದು, ಆಮೇಲೆ ಮೂರು ಗಂಟೆಯ ತರಗತಿಗೆ ತಡವಾಯಿತೆಂದು ಬೇಗ ಬೇಗ ನಡೆದಳು. ಇನ್ನೂರಹದಿನಾರು ಜನರ ನಡುವೆ ದಾರಿ ಬಿಡಿಸಿಕೊಂಡು ಹೋಗಿ, ಅವತ್ತು ಮುಂದಿನ ಸಾಲಿನಲ್ಲಿ ಕೂತಳು.